ಹುಳುಮನೆಯಲ್ಲಿ ಕಂಪ್ಯೂಟರ್ ಇದ್ದ ಬೇಸಿಗೆ

ಚಿಕ್ಕಬಳ್ಳಾಪುರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಂಜೆಯಾದರೆ ಸೊಳ್ಳೆ ಬತ್ತಿ ಹಚ್ಚುತ್ತಾರೆ. ಮೊನ್ನೆ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಾಗ ಮಾತು ಹಳೆಯ ಕಂಪ್ಯೂಟರುಗಳ ಕಡೆ ತಿರುಗಿತು. ಹೆಚ್ಚುಕಮ್ಮಿ ನನ್ನ ವಯಸ್ಸಿನವರೇ ಎಲ್ಲ. ಒಬ್ಬರಿಗೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ಟಿನ ಗೇಮ್ ನೆನಪು, ಇನ್ನೊಬ್ಬರಿಗೆ ಫ್ಲಾಪಿ ಒಳಗೆ ಹೋದಾಗ ಆಗುತ್ತಿದ್ದ ಕರಕರ ಸದ್ದು ನೆನಪು. ಎಲ್ಲರ ಮುಖದಲ್ಲೂ ಬೆಲ್ಲ ತಿಂದ ಖುಷಿ. “ನಿಮ್ಮನೇಲಿ ಯಾವ ಗೇಮ್ ಇತ್ತು ಮೇಡಂ?” ಎಂದು ಗಣಿತದ ಮೇಷ್ಟ್ರು ಕೇಳಿದರು. “ಗನ್ನಿನದು,” ಅಂದೆ. ಎಲ್ಲರೂ ನಕ್ಕರು. ನಾನು ಎದ್ದು ಹೋಗಿ ಆ ಸೊಳ್ಳೆ ಬತ್ತಿಯನ್ನು ಚಪ್ಪಲಿ ಕಾಲಿನಿಂದ ಹೊಸಕಿ ಹಾಕಿದೆ. ಅದರ ಹೊಗೆ ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ಯಾರಿಗಾದರೂ ಹೊಡೆಯಬೇಕು ಅನಿಸುತ್ತದೆ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ನಮ್ಮೂರು. ನಮ್ಮದು ರೇಷ್ಮೆ ಬೆಳೆಯುವ ಮನೆ. ಅಪ್ಪ, ಅಮ್ಮ, ನಾನು, ಮೂರೇ ಜನ. ವಾಸದ ಮನೆಗೆ ಶೀಟಿನ ಮಾಡು. ಅಂಗಳದಾಚೆಗಿದ್ದ ಹುಳುಮನೆಗೆ ಹೆಂಚಿನ ಮಾಡು. ನಮಗಿಂತ ಹುಳುಗಳು ತಂಪಾಗಿದ್ದವು. ಹುಳುಮನೆ ಅಂದರೆ ಉದ್ದನೆಯ ಒಂದು ಹಜಾರ, ಅದರ ಮುಂದೆ ಹಿಪ್ಪುನೇರಳೆ ಸೊಪ್ಪು ಒಟ್ಟುವ ಚಿಕ್ಕ ಕೋಣೆ. ಎರಡಕ್ಕೂ ನಡುವೆ ಒಂದು ಬಾಗಿಲು. ಬೇಸಿಗೆಯಲ್ಲಿ ಆ ಕೋಣೆಗೆ ಸುತ್ತಲೂ ಒದ್ದೆ ಗೋಣಿ ಕಟ್ಟಿ ಸೊಪ್ಪು ಬಾಡದ ಹಾಗೆ ನೋಡಿಕೊಳ್ಳುತ್ತಿದ್ದೆವು.

ರೇಷ್ಮೆ ಹುಳುವಿನಷ್ಟು ಸೂಕ್ಷ್ಮದ ಜೀವ ಇನ್ನೊಂದಿಲ್ಲ. ವಾಸನೆ ಆಗದು, ಹೊಗೆ ಆಗದು. ಹುಳುಮನೆಗೆ ಹೋಗುವ ಮುಂಚೆ ಕೈಕಾಲು ತೊಳೆಯಬೇಕು. ಪೌಡರ್ ಹಾಕಿಕೊಂಡು ಹೋಗುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಹುಳು ಇರುವಷ್ಟು ದಿನ ಮೆಣಸಿನಕಾಯಿ ಹುರಿಯುವಂತಿಲ್ಲ. ಈ ನೇಮ ನಮ್ಮ ಸೀಮೆಯ ಎಲ್ಲ ಮನೆಯಲ್ಲೂ ಇತ್ತು. ನಮ್ಮ ಮನೆಯಲ್ಲಿ ಅದನ್ನು ಅಪ್ಪ ಕೈಯಿಂದ ಕಲಿಸುತ್ತಿದ್ದ. ಒಮ್ಮೆ ಅಮ್ಮ ಚಿಂತಾಮಣಿಯ ಮದುವೆ ಮುಗಿಸಿಕೊಂಡು ಬಂದವಳು, ಹುಳು ಹಸಿದಿರುತ್ತವೆ ಎಂದು ಆತುರದಲ್ಲಿ ಮುಡಿದ ಮಲ್ಲಿಗೆ ತೆಗೆಯದೆ ಸೊಪ್ಪು ಹಾಕಲು ಹೋದಳು. ಅಪ್ಪ ಹೂವನ್ನು ಹಿಡಿದು ಎಳೆದ. ಹೂವಿನ ಜೊತೆ ಕೂದಲೂ ಬಂತು. ಸಾರಿನ ಒಗ್ಗರಣೆ ಸೀದದ್ದಕ್ಕೆ ಸೌಟಿನಿಂದ ಹೊಡೆದಿದ್ದ. ನೇಮ ತಪ್ಪದ ದಿನವೂ ಹೊಡೆಯುತ್ತಿದ್ದ. ಅದಕ್ಕೆ ಬೇರೆ ಕಾರಣಗಳಿರುತ್ತಿದ್ದವು. ಊರಿನಲ್ಲಿ ಮಾತ್ರ ಅವನಿಗೆ ಒಳ್ಳೆಯ ಹೆಸರು. ಅವನ ಹುಳುಮನೆ ಎಷ್ಟು ಚೊಕ್ಕಟ ಎಂದು ಬೇರೆ ಊರಿನವರು ಬಂದು ನೋಡಿ ಹೋಗುತ್ತಿದ್ದರು. ಚೊಕ್ಕಟ ಹೇಗಾಯಿತು ಎಂದು ಯಾರೂ ಕೇಳಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನನ್ನ ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಅಮ್ಮನ ತಮ್ಮ ಸೀನ ಮಾವ ಗೌರಿಬಿದನೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ. ಅಲ್ಲಿಗೆ ಹೊಸ ಮಿಷನ್ನುಗಳು ಬಂದಾಗ ಹಳೆಯದೊಂದನ್ನು ನನಗಾಗಿ ತಂದ. ಮಾನಿಟರನ್ನು ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದ. ತೊಡೆ ಎರಡು ದಿನ ಜೋಮು ಹಿಡಿದಿತ್ತಂತೆ.

“ಇದಕ್ಕೆ ಬಿಸಿ ಆಗಲ್ಲ ಭಾವ. ತಂಪಾಗಿರೋ ಜಾಗದಲ್ಲಿ ಇಡಬೇಕು,” ಅಂದ ಮಾವ. ನಮ್ಮಲ್ಲಿ ತಂಪು ಅಂದರೆ ಸೊಪ್ಪಿನ ಕೋಣೆ. ಅಲ್ಲೇ ಮೂಲೆಯಲ್ಲಿ ಮೇಜು ಹಾಕಿದೆವು. ಅಮ್ಮ ಮಾನಿಟರಿಗೆ ಕುಂಕುಮ ಇಟ್ಟಳು. ಹಳೆಯ ಲಂಗದ ಬಟ್ಟೆಯಲ್ಲಿ ಅದಕ್ಕೊಂದು ಗವುಸು ಹೊಲಿದಳು.

ಆ ಕಂಪ್ಯೂಟರಿನ ಮೇಲೆ ನನಗೆ ಈಗಲೂ ಪ್ರೀತಿ ಇದೆ. ಅದನ್ನು ಹೇಳಿಬಿಡುತ್ತೇನೆ. ಗುಂಡಿ ಒತ್ತಿದರೆ ಒಳಗೆ ಫ್ಯಾನ್ ಎದ್ದು ಗುಂಯ್ ಎನ್ನುತ್ತಿತ್ತು. ಕರಿ ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿ, ಆಮೇಲೆ ಆಕಾಶದ ಬಣ್ಣ ಬರುತ್ತಿತ್ತು. ಪರದೆಯ ಹತ್ತಿರ ಕೈ ಹಿಡಿದರೆ ಕೈಮೇಲಿನ ಕೂದಲೆಲ್ಲ ನಿಲ್ಲುತ್ತಿತ್ತು. ಮೌಸಿನ ಹೊಟ್ಟೆಯಲ್ಲಿದ್ದ ಗುಂಡನ್ನು ತೆಗೆದು ಅದಕ್ಕೆ ಮೆತ್ತಿದ ಸೊಪ್ಪಿನ ಧೂಳನ್ನು ಉಗುರಿನಿಂದ ಕೆರೆದು ಹಾಕುವುದು ನನ್ನ ಕೆಲಸ. ಬಾಗಿಲಿನಾಚೆ ಹುಳುಗಳು ಸೊಪ್ಪು ಮೇಯುವ ಸದ್ದು, ಈಚೆ ಆ ಫ್ಯಾನಿನ ಸದ್ದು. ಇಡೀ ಊರಿನಲ್ಲಿ ನನ್ನಷ್ಟು ಸುಖಿ ಯಾರೂ ಇಲ್ಲ ಅಂದುಕೊಂಡಿದ್ದೆ.

ಮಾವ ಅದರಲ್ಲಿ ಟೈಪಿಂಗ್ ಕಲಿಯುವುದನ್ನು ಹಾಕಿದ್ದ, ಒಂದೆರಡು ಗೇಮನ್ನೂ ಹಾಕಿದ್ದ. ಒಂದು ಗನ್ನಿನ ಗೇಮು. ಪರದೆಯ ಕೆಳಗೆ ನಮ್ಮ ಕೈ, ಕೈಯಲ್ಲಿ ಬಂದೂಕು. ಎದುರಿಗೆ ಮುಗಿಯದ ಓಣಿಗಳು. ತಿರುವಿನಲ್ಲಿ ಒಬ್ಬ ಬರುತ್ತಾನೆ, ಹೊಡೆಯಬೇಕು. ಹೊಡೆದರೆ ರಕ್ತ ಗೋಡೆಗೆ ಹಾರುತ್ತದೆ. ಹೊಡೆಯದಿದ್ದರೆ ನಾವು ಸಾಯುತ್ತೇವೆ. ನಾನು ಆಡುವುದನ್ನು ಅಪ್ಪ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ. “ಏಳೇ ಈಚೆಗೆ,” ಅಂದ. ಹೊಡೆಯುತ್ತಾನೆ ಅಂದುಕೊಂಡು ಎದ್ದೆ. ಅವನು ನನ್ನ ಜಾಗದಲ್ಲಿ ಕೂತ.

ಮೊದಮೊದಲು ಕೆಟ್ಟದಾಗಿತ್ತು. ಅಪ್ಪನ ಬೆರಳು ದಪ್ಪ, ಒಂದು ಒತ್ತಿದರೆ ಎರಡು ಒತ್ತಿಬಿಡುತ್ತಿತ್ತು. ಮೊದಲನೇ ಓಣಿಯಲ್ಲೇ ಸಾಯುತ್ತಿದ್ದ. ಸತ್ತಾಗ ಪರದೆ ಕೆಂಪಾಗುತ್ತಿತ್ತು. ಕೆಂಪಾದ ಮೇಲೆ ಅಪ್ಪ ಕುರ್ಚಿ ತಳ್ಳಿ ಎದ್ದು ಬರುತ್ತಿದ್ದ. ಒಂದು ಸಲ ಹೀಗೆ ಎದ್ದು ಬಂದಾಗ ಅಮ್ಮ ಅಂಗಳದಲ್ಲಿ ಕಡ್ಡಿ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ಹೊರೆ ಇನ್ನೂ ತಲೆಯ ಮೇಲಿತ್ತು. ಹಿಂದಿನಿಂದ ಸೊಂಟಕ್ಕೆ ಒದ್ದ. ಅಮ್ಮ ಹೊರೆ ಸಮೇತ ಮುಗ್ಗರಿಸಿದಳು. ಒದ್ದದ್ದು ಯಾಕೆ ಎಂದು ಅವನಿಗೂ ಗೊತ್ತಿತ್ತೋ ಇಲ್ಲವೋ. ಮಂಡಿ ತರಚಿ ರಕ್ತ ಬರುತ್ತಿದ್ದರೂ ಅಮ್ಮ ಮೊದಲು ಸೊಪ್ಪಿಗೆ ಮಣ್ಣಾಯಿತೇ ಎಂದು ನೋಡಿದಳು.

ಭಾನುವಾರ ಮಾವ ಬಂದಾಗ ಅಮ್ಮ ಕುಂಟುತ್ತಿದ್ದಳು. ಯಾಕೆ ಎಂದು ಮಾವನಿಗೆ ಗೊತ್ತಿತ್ತು. ಅವನು ಭಾವನಿಗೆ ಎದುರು ಮಾತಾಡುವ ಗಂಡಸಲ್ಲ. ನನ್ನನ್ನು ಸೊಪ್ಪಿನ ಕೋಣೆಗೆ ಕರೆದುಕೊಂಡು ಹೋಗಿ ಮೆತ್ತಗೆ ಹೇಳಿದ: “ಗೇಮ್ ಶುರುವಾದ ತಕ್ಷಣ ಈ ಅಕ್ಷರಗಳನ್ನ ಒತ್ತಮ್ಮ. ಆಮೇಲೆ ಎಷ್ಟು ಗುಂಡು ಬಿದ್ರೂ ಸಾಯಲ್ಲ.”

“ಅದು ಮೋಸ ಅಲ್ವಾ ಮಾವ?”

“ಮೋಸಾನೇ ಕಣಮ್ಮ. ಒತ್ತು.”

ಅವತ್ತಿನಿಂದ ಸಂಜೆ ಅಪ್ಪ ಕೈಕಾಲು ತೊಳೆಯಲು ಬಚ್ಚಲಿಗೆ ಹೋಗುವುದನ್ನೇ ಕಾಯುತ್ತಿದ್ದೆ. ಅವನು ಬರುವಷ್ಟರಲ್ಲಿ ಗೇಮ್ ಹಾಕಿ, ಅಕ್ಷರ ಒತ್ತಿ, ಕುರ್ಚಿ ಬಿಟ್ಟು ಎದ್ದಿರುತ್ತಿದ್ದೆ. ಅಮ್ಮ ಅದನ್ನು ಮಂತ್ರ ಅನ್ನುತ್ತಿದ್ದಳು. ಒಲೆಯ ಮುಂದೆ ಕೂತೇ ಕೇಳುತ್ತಿದ್ದಳು, “ಮಂತ್ರ ಹಾಕಿದ್ಯೇನೇ?” ಹಾಕಿದ್ದೇನೆ ಅಂದರೆ ಅವಳ ಭುಜ ಸ್ವಲ್ಪ ಕೆಳಗಿಳಿಯುತ್ತಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದುವರೆಗೆ ಅಮ್ಮನ ಭುಜ ಹುಟ್ಟಿದಾಗಿನಿಂದಲೇ ಹಾಗೆ ಮೇಲಕ್ಕೆ ಎತ್ತಿಕೊಂಡಿದೆ ಅಂದುಕೊಂಡಿದ್ದೆ.

ಅಪ್ಪ ಸಾಯುವುದು ನಿಂತಿತು. ಓಣಿ ದಾಟಿ ಓಣಿ ಹೊಕ್ಕ, ಲೆವೆಲ್ಲು ಮೇಲೆ ಲೆವೆಲ್ಲು ಏರಿದ. ಪರದೆಗೆ ಮುಖ ತಾಗಿಸಿ, ಹಲ್ಲು ಕಚ್ಚಿ, “ಸಾಯಿ ನನ್ಮಗನೆ, ಸಾಯಿ” ಎಂದು ಬಡಿಯುತ್ತಿದ್ದ. ತಲೆ ಒಡೆಯುತ್ತಿದ್ದವು, ಗೋಡೆ ಕೆಂಪಾಗುತ್ತಿತ್ತು, ಬಿದ್ದವನ ಮೇಲೂ ಗುಂಡು ಹಾರಿಸುತ್ತಿದ್ದ. ಹೊರಗೆ ಬಂದಾಗ ಸುಸ್ತಾಗಿರುತ್ತಿದ್ದ. ಮುದ್ದೆ ಉಂಡು ಮಲಗಿಬಿಡುತ್ತಿದ್ದ. ಅಮ್ಮ ಒಮ್ಮೊಮ್ಮೆ ಸೊಪ್ಪಿನ ಮಂಕರಿ ಹಿಡಿದು ಅವನ ಬೆನ್ನ ಹಿಂದೆ ನಿಂತು ಆ ಕೊಲೆಗಳನ್ನು ನೋಡುತ್ತಿದ್ದಳು. ಒಂದು ದಿನ ನನ್ನ ಕಿವಿಯ ಹತ್ತಿರ ಬಂದು, “ಪಾಪ ಕಣೇ, ನನ್ನ ಪಾಲಿನ ಏಟೆಲ್ಲ ಅವ್ರು ತಿಂತಾವ್ರೆ,” ಅಂದಳು. ನಮಗಿಬ್ಬರಿಗೂ ನಗು ಬಂತು. ಹೊರಗೆ ಓಡಿ ಹೋಗಿ ದನದ ಕೊಟ್ಟಿಗೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು.

ಗೆಲ್ಲುವುದು ಅಭ್ಯಾಸವಾದ ಮೇಲೆ ಅಪ್ಪ ಟೀ ಅಂಗಡಿಯಲ್ಲಿ ಜಂಭ ಕೊಚ್ಚಿಕೊಳ್ಳಲು ಶುರುಮಾಡಿದ. ಅವನ ಆಟ ನೋಡಲು ಪಕ್ಕದ ಮನೆಯ ಕಾಲೇಜು ಹುಡುಗ ಒಂದು ಸಂಜೆ ಬಂದ. ಸ್ವಲ್ಪ ಹೊತ್ತು ನೋಡಿದವನು, “ಅಣ್ಣ, ಅಷ್ಟು ಗುಂಡು ಬಿದ್ರೂ ನಿಮ್ಗೆ ಏನೂ ಆಗ್ತಿಲ್ವಲ್ಲ, ಇದರಲ್ಲಿ ಏನೋ...” ಎಂದು ಬಾಯಿ ತೆಗೆದ. ಅಮ್ಮ ಎಲ್ಲಿದ್ದಳೋ, ತಟ್ಟೆಯಲ್ಲಿ ಕೋಡುಬಳೆ ತಂದು ಅವನ ಮೂಗಿನ ಕೆಳಗೆ ಹಿಡಿದು, “ತಿನ್ನಪ್ಪ, ಮೊದ್ಲು ತಿನ್ನು. ನಿಮ್ಮಮ್ಮ ಕರೀತಾವ್ರೆ, ಹೋಗು,” ಎಂದು ತೋಳು ಹಿಡಿದು ಆಚೆ ನಡೆಸಿದಳು. ಹುಡುಗನಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ತಿರುಗಿಯೂ ನೋಡಲಿಲ್ಲ.

ಕರೆಂಟು ಹೋಗುವುದು ನಮಗೆ ದೊಡ್ಡ ಗಂಡಾಂತರ. ಆದರೆ ಆಗ ಅಪ್ಪ ಕರೆಂಟಿನವರ ವಂಶವನ್ನೆಲ್ಲ ಬಯ್ದು ಸುಮ್ಮನಾಗುತ್ತಿದ್ದ. ಬೈಗುಳ ಶಿಡ್ಲಘಟ್ಟದ ಕರೆಂಟ್ ಆಫೀಸಿನ ಕಡೆಗೆ ಹೋಗುತ್ತಿತ್ತಲ್ಲ, ನಮಗೇನು. ಅಮ್ಮನ ತೋಳಿನ ಮೇಲಿನ ಕಂದು ಗುರುತುಗಳು ಹಳದಿಯಾಗಿ, ಆಮೇಲೆ ಕಾಣದಾದವು. ಗಿಡ್ಡ ತೋಳಿನ ರವಿಕೆ ಹಾಕಿಕೊಂಡು ಊರಿನೊಳಗೆ ಹೋಗಿ ಬಂದಳು. ನಾನು ಮಾತ್ರ ಹೆದರಿಕೊಂಡೇ ಇದ್ದೆ. ಮಿಷನ್ನು ಕೆಟ್ಟರೆ? ಇಲಿ ವೈರು ಕಡಿದರೆ? ಮಂತ್ರ ಒಂದು ದಿನ ನಡೆಯದಿದ್ದರೆ? ಅಮ್ಮನ ಮೈಮೂಳೆ ಒಂದು ಹಳೇ ಪೆಟ್ಟಿಗೆಯನ್ನು ನಂಬಿಕೊಂಡಿತ್ತು. ಬೆಳಿಗ್ಗೆ ಎದ್ದರೆ ದೇವರ ಫೋಟೋಗಿಂತ ಮೊದಲು ಅದರ ಧೂಳು ಒರೆಸುತ್ತಿದ್ದೆ.

ಮೇ ತಿಂಗಳ ಕೊನೆಗೆ ಮೊದಲ ಮಳೆ ಬಿತ್ತು. ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು, ಬೆರಳು ಗಾತ್ರ ಬೆಳೆದು, ಹಗಲೂ ರಾತ್ರಿ ಮೇಯುತ್ತಿದ್ದವು. ಇನ್ನೆರಡು ದಿನಕ್ಕೆ ಹಣ್ಣಾಗಬೇಕು. ಹಣ್ಣಾದ ಹುಳು ಮೇವು ಬಿಟ್ಟು, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಅಪ್ಪ ಚಂದ್ರಿಕೆಗಳನ್ನೆಲ್ಲ ತೊಳೆದು ಗೋಡೆಗೆ ಒರಗಿಸಿಟ್ಟಿದ್ದ. ಅಂಥ ಬೆಳೆ ನಮ್ಮಲ್ಲಿ ಎಂದೂ ಬಂದಿರಲಿಲ್ಲ.

ಮಳೆಯ ಹಿಂದೆಯೇ ಸೊಳ್ಳೆ ಬಂದವು. ಆ ಸಂಜೆ ಅಪ್ಪ ಗೇಮಿನ ಕಡೆಯ ಲೆವೆಲ್ಲಿನಲ್ಲಿದ್ದ. ಕಾಲನ್ನು ಕಾಲಿನಿಂದ ಉಜ್ಜಿಕೊಳ್ಳುತ್ತ, ಕಣ್ಣು ಪರದೆಯಿಂದ ತೆಗೆಯದೆ ಕೂಗಿದ: “ಏಯ್, ಮನೇಲಿ ಹಚ್ಚಿರೋ ಸೊಳ್ಳೆ ಬತ್ತಿ ತಗೊಂಬಾ.”

ನಮ್ಮ ವಾಸದ ಮನೆಯಲ್ಲಿ ಬತ್ತಿ ಹಚ್ಚುತ್ತಿದ್ದೆವು, ನಿಜ. ಆದರೆ ಅದನ್ನು ಮುಟ್ಟಿದ ಕೈ ತೊಳೆಯದೆ ಅಂಗಳ ದಾಟುವಂತಿರಲಿಲ್ಲ. ನೊಣ ಸೊಳ್ಳೆ ಸಾಯಿಸುವ ಹೊಗೆ ಹುಳುವನ್ನು ಬಿಡುತ್ತದೆಯೇ? ಇದು ನಮ್ಮೂರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಎಲ್ಲರಿಗಿಂತ ಚೆನ್ನಾಗಿ ಅಪ್ಪನಿಗೆ ಗೊತ್ತು.

ಅಮ್ಮ ಬಾಗಿಲಿಗೆ ಬಂದು, “ಬತ್ತಿನಾ? ಒಳಗೆ ಹುಳು ಐತಲ್ರೀ,” ಅಂದಳು.

“ಬಾಗ್ಲು ಹಾಕೀನಿ, ಕಾಣಲ್ವಾ?”

“ಹಾಕಿದ್ರೂ ಹೊಗೆ...”

“ತರ್ತೀಯೋ, ಇಲ್ಲ ನಾನೇ ಎದ್ದು ಬರ್ಲೋ?”

ಅವನು ಎದ್ದು ಬರುವುದು ಅಂದರೆ ಏನೆಂದು ನಮಗೆ ಗೊತ್ತಿತ್ತು. ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಹೋಗಿ ಬತ್ತಿ ತಂದು ಅವನ ಕಾಲ ಬಳಿ ಇಟ್ಟಳು. ನಡುವಿನ ಬಾಗಿಲಿನ ಸಂದಿಗೆ ಒದ್ದೆ ಗೋಣಿ ತುರುಕಿದಳು. ಬಾಗಿಲಿನ ಮೇಲೆ, ಮಾಡಿನ ಕೆಳಗೆ, ಗಾಳಿಗೆಂದು ಬಿಟ್ಟ ಕಿಂಡಿಗೆ ಅವಳ ಕೈ ಎಟುಕಲಿಲ್ಲ.

ಸಾಯುವ ಭಯವಿದ್ದಿದ್ದರೆ ಅಪ್ಪ ಬೇಗ ಏಳುತ್ತಿದ್ದ. ಅವನಿಗೆ ಸಾವಿರಲಿಲ್ಲ. ಬತ್ತಿ ಪೂರ್ತಿ ಉರಿದು ಬೂದಿಯಾದರೂ ಕೊಲ್ಲುತ್ತಲೇ ಇದ್ದ. ಕೊನೆಗೆ “ಗೆದ್ದೆ!” ಎಂದು ಮೇಜು ಗುದ್ದಿದ. ಊಟಕ್ಕೆ ಕೂತಾಗ, “ಸಾರು ಚೆನ್ನಾಗೈತೆ,” ಅಂದ. ನನಗೆ ತಿಳಿದ ಹಾಗೆ ಅದೇ ಮೊದಲು.

ಊಟವಾದ ಮೇಲೆ ನಾನೂ ಅಮ್ಮನೂ ಸೊಪ್ಪು ಹಾಕಲು ಹೋದೆವು. ಕೆಲವು ಹುಳುಗಳು ಮೇವು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಅಮ್ಮನ ಮುಖ ಅರಳಿತು. “ನೋಡೇ, ಆಗ್ಲೇ ಹಣ್ಣಾಗ್ತಾವೆ. ನಾಳೆಗೇ ಚಂದ್ರಿಕೆಗೆ ಬಿಡಬೌದು,” ಅಂದಳು. ನನಗೂ ಹಾಗೇ ಕಂಡಿತು. ಹಣ್ಣಾಗುವ ಹುಳುವೂ ತಲೆ ಎತ್ತುತ್ತದೆ, ವಿಷ ತಗುಲಿದ ಹುಳುವೂ ತಲೆ ಎತ್ತುತ್ತದೆ. ಇಬ್ಬರೂ ಸಂತೋಷವಾಗಿ ಹೋಗಿ ಮಲಗಿದೆವು.

ಬೆಳಿಗ್ಗೆ ಹುಳುಮನೆಯ ಬಾಗಿಲು ತೆರೆದಾಗ ಸದ್ದೇ ಇರಲಿಲ್ಲ. ಮೇಯುವ ಸದ್ದಿಲ್ಲದ ಹುಳುಮನೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಾಕಿದ ಸೊಪ್ಪು ಹಾಕಿದ ಹಾಗೇ ಇತ್ತು. ಅದರ ಮೇಲೆ ಹುಳುಗಳು ಹಸಿರು ರಸ ಕಾರಿಕೊಂಡು ಬಿದ್ದಿದ್ದವು. ಕೆಲವು ಇನ್ನೂ ಹೊರಳಾಡುತ್ತಿದ್ದವು, ತಿರುಚಿಕೊಳ್ಳುತ್ತಿದ್ದವು, ಸೆಟೆದು ಗಿಡ್ಡವಾಗುತ್ತಿದ್ದವು. ಹುಳು ಸಾಕುವ ಬಿದಿರಿನ ತಟ್ಟೆಗಳಲ್ಲಿ ಒಂದೂ ಉಳಿದಿರಲಿಲ್ಲ. ಅಮ್ಮ “ಅಯ್ಯೋ ದೇವುಡಾ” ಎಂದು ತನ್ನ ತವರಿನ ತೆಲುಗಿನಲ್ಲಿ ಕೂಗಿ ಬಾಯಿಗೆ ಕೈ ಹಿಡಿದಳು.

ಅಪ್ಪ ಬಂದ. ಒಂದು ಹಿಡಿ ಹುಳು ಎತ್ತಿ ಮೂಸಿದ. ತಿರುಗಿ ಸೊಪ್ಪಿನ ಕೋಣೆಯ ಮೇಜಿನ ಕೆಳಗೆ ಬಿದ್ದಿದ್ದ ಬೂದಿಯನ್ನು ನೋಡಿದ. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವನ ಮುಖದಲ್ಲಿ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಅದನ್ನು ಅವನು ನುಂಗಿದ.

“ಬತ್ತಿ ತಂದಿಟ್ಟೋರು ಯಾರೇ?”

ಅಮ್ಮ ಗೋಡೆಯ ಕಡೆಗೆ ಹಿಂದೆ ಸರಿದಳು.

“ನೀನೇ ತಾನೇ ತಂದಿಟ್ಟಿದ್ದು? ಬಾಯಿ ಬಿಡು! ಯಾರು ತಂದಿದ್ದು?”

ಗೋಡೆಗೆ ಒರಗಿಸಿದ್ದ ಚಂದ್ರಿಕೆಯಿಂದ ಒಂದು ಬಿದಿರು ದಬ್ಬೆ ಸೆಳೆದುಕೊಂಡ. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಅಮ್ಮ ಕೈ ಅಡ್ಡ ಹಿಡಿದಳು, ಬಳೆ ಒಡೆದವು. ಆಮೇಲೆ ಲೆಕ್ಕವಿಲ್ಲ. ಬಿದ್ದವಳನ್ನು ಕೂದಲು ಹಿಡಿದು ಎಬ್ಬಿಸಿ ಮತ್ತೆ ಬೀಳಿಸಿದ. ಸೊಪ್ಪಿನ ಕೋಣೆಯ ಹೊಸಿಲ ತನಕ ಎಳೆದು ತಂದು, ಎದೆಯ ಮೇಲೆ ಕಾಲಿಟ್ಟು, “ಸಾಯಿ, ಸಾಯಿ” ಅಂದ. ಆ ಮಾತು ನಾನು ಆ ಬೇಸಿಗೆಯೆಲ್ಲ ಕೇಳಿದ್ದ ಮಾತೇ. ಆದರೆ ಈ ರಕ್ತ ಗೇಮಿನದಲ್ಲ. ಅಮ್ಮನ ತುಟಿ ಹರಿದಿತ್ತು.

ನಾನು ಏನನ್ನೂ ಯೋಚಿಸಲಿಲ್ಲ. ಕೈಗೆ ಕೀಬೋರ್ಡ್ ಸಿಕ್ಕಿತು. ಆ ಕಾಲದ ಕೀಬೋರ್ಡ್ ಈಗಿನ ಹಾಗೆ ತೆಳ್ಳಗಿರಲಿಲ್ಲ, ಒಳ್ಳೆ ಮಣೆಯಂತೆ ಇತ್ತು. ವೈರು ಸಮೇತ ಕಿತ್ತು, ಎರಡೂ ಕೈಯಲ್ಲಿ ಎತ್ತಿ, ಅಪ್ಪನ ಕಿವಿಯ ಮೇಲೆ ಬಾರಿಸಿದೆ. ಅವನು ತಿರುಗಿದ. ಇನ್ನೊಮ್ಮೆ ಬಾರಿಸಿದೆ, ಹುಬ್ಬಿನ ಮೇಲೆ. ಅಕ್ಷರದ ಗುಂಡಿಗಳು ಕಿತ್ತು ಸತ್ತ ಹುಳುಗಳ ನಡುವೆ ಚೆಲ್ಲಿದವು. ಅಪ್ಪ ಗೋಡೆಗೆ ಒರಗಿ ಹಾಗೇ ಜಾರಿ ಕೂತುಬಿಟ್ಟ. ಕಿವಿಯಿಂದ ಕತ್ತಿಗೆ ರಕ್ತ ಇಳಿಯಿತು. ಅವನು ಬೆರಳಿನಿಂದ ಮುಟ್ಟಿ ಅದನ್ನೇ ನೋಡುತ್ತ ಕೂತ. ಅದುವರೆಗೆ ಅವನಿಗೆ ಯಾರೂ ಹೊಡೆದಿರಲಿಲ್ಲ ಅನಿಸುತ್ತದೆ. ನಾನು ಕೀಬೋರ್ಡನ್ನು ಇಳಿಸದೆ ನಿಂತಿದ್ದೆ. ಎದ್ದರೆ ಮತ್ತೆ ಹೊಡೆಯುತ್ತಿದ್ದೆ, ಸಾಯುವ ಹಾಗೆ ಹೊಡೆಯುತ್ತಿದ್ದೆ. ಇದನ್ನು ತಪ್ಪೊಪ್ಪಿಗೆ ಅಂತ ಯಾರೂ ತಿಳಿಯಬಾರದು.

ಆಮೇಲಿನ ವರ್ಷಗಳಲ್ಲಿ ಅಪ್ಪ ಕೂಗಾಡಿದ್ದಾನೆ, ತಟ್ಟೆ ಎಸೆದಿದ್ದಾನೆ, ಬಾಗಿಲು ಒದ್ದಿದ್ದಾನೆ. ಅಮ್ಮನ ಮೈಮೇಲೆ ಮಾತ್ರ ಕೈ ಬೀಳಲಿಲ್ಲ. ಅವನು ಒಳ್ಳೆಯವನಾದ ಎಂದು ನಾನು ಹೇಳುವುದಿಲ್ಲ. ಹೆದರಿದ, ಅಷ್ಟೆ. ಆದರೆ ಆ ಬೆಳಿಗ್ಗೆ ಇದೊಂದೂ ನಮಗೆ ಗೊತ್ತಿರಲಿಲ್ಲ. ಅಮ್ಮ ನೆಲದ ಮೇಲೆ ಉಸಿರು ಎಳೆದುಕೊಳ್ಳುತ್ತಿದ್ದಳು.

ಅವಳು ಮೆಲ್ಲಗೆ ಎದ್ದು ಕೂತಳು. ನನ್ನ ಕಡೆ ನೋಡಲಿಲ್ಲ. ಮಂಡಿಯ ಮೇಲೆ ತೆವಳಿಕೊಂಡು ಅಪ್ಪನ ಎದುರಿಗೆ ಬಂದಳು. ಅವನ ಕಿವಿಯ ರಕ್ತವನ್ನು ಹತ್ತಿರದಿಂದ ನೋಡಿದಳು. ಹೊಡೆದದ್ದಕ್ಕೆ ನನ್ನನ್ನು ಬಯ್ಯುತ್ತಾಳೆ, ಸೆರಗಿನಿಂದ ಅವನ ರಕ್ತ ಒರೆಸುತ್ತಾಳೆ ಅಂದುಕೊಂಡೆ.

“ನೋವಾಯ್ತಾ?” ಎಂದು ಕೇಳಿದಳು. ಅಣಕವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ಅಪ್ಪ ಅವಳ ಮುಖವನ್ನೇ ನೋಡಿದ. ಚಿಕ್ಕ ಹುಡುಗನ ಹಾಗೆ ತಲೆಯಾಡಿಸಿದ. “ಹ್ಞೂಂ,” ಅಂದ.

“ಹಂಗೇ ಆಗೋದು,” ಅಂದಳು ಅಮ್ಮ.

ಆಮೇಲೆ ಸೆರಗಿನಿಂದ ತನ್ನ ತುಟಿ ಒರೆಸಿಕೊಂಡು, ಸತ್ತ ಹುಳು ತುಂಬಲು ಗೋಣಿಚೀಲ ತರುವಂತೆ ನನಗೆ ಹೇಳಿದಳು.